ದೀನರಿಗಾಗಿ ಸವೆದ ಜೀವ: ಕುದ್ಮುಲ್ ರಂಗರಾಯರು

ದೂರದ ನಾಡಿಗೆ ಹೋಗಿ ಬಡಮಕ್ಕಳ ಸೇವೆ ಮಾಡಬೇಕೆಂಬ ಆಸೆ ಎಳೆಯ ಮನಸ್ಸುಗಳಲ್ಲಿ ಮೂಡುವುದುಂಟು. ಆಸೆ ಒಳ್ಳೆಯದೇ. ಆದರೆ ಸೇವೆಗೆ ಮರುಗುವ ಮನಸ್ಸು ಮಾತ್ರ ಸಾಲದು. ದುಡಿಯುವ ರಟ್ಟೆ, ಬಿಸಿಲು ಮಳೆಗಳನ್ನು ತಾಳುವ ಮೈ, ವರ್ಷಗಟ್ಟಲೆ ಬಿಡದೆ ಹಿಡಿಯುವ ಹಟ ಕೂಡ ಬೇಕು. ಇದನ್ನು ಬಾಳಿ ತೋರಿಸಿದ ಮಹನೀಯರೊಬ್ಬರು ನಮ್ಮ ಕಾಸರಗೋಡಿನಲ್ಲಿಯೇ ಹುಟ್ಟಿದವರು ಎಂಬುದು ಹೆಮ್ಮೆಯ ಸಂಗತಿ. ಅವರೇ ಕುದ್ಮುಲ್ ರಂಗರಾಯರು.

ರಂಗರಾಯರು 1859ನೆಯ ಇಸವಿ ಜೂನ್ 29ರಂದು ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು, ಕೆಲಸವನ್ನು ಅರಸಿ ಮಂಗಳೂರು ಸೇರಿದರು. ಅಂದು ಎರಡೂ ಊರುಗಳು ಒಂದೇ ಜಿಲ್ಲೆಯಲ್ಲಿದ್ದರೂ ನಡುವಣ ಸುಮಾರು 50 ಕಿಲೋಮೀಟರ್ ಹಾದಿ ಸುಲಭದ್ದಾಗಿರಲಿಲ್ಲ. ರೈಲು ಮಂಗಳೂರನ್ನು ಮುಟ್ಟಿದ್ದು 1907ರಲ್ಲಿ. ಅದಕ್ಕೆ ಮೊದಲು ಕಾಲ್ನಡಿಗೆ ಅಥವಾ ಎತ್ತಿನ ಗಾಡಿ. ನೇತ್ರಾವತಿ ಹೊಳೆಗೆ ದೋಣಿಯೇ ಗತಿ. ತಿಂಗಳಿಗೆ ಎಂಟು ರೂಪಾಯಿ ಸಂಬಳದ ಅಧ್ಯಾಪಕರಾಗಿ ದುಡಿಯುತ್ತಲೇ ಓದಿ ಅವರು ವಕೀಲರಾದರು. ಬ್ರಹ್ಮಸಮಾಜದ ವಿಚಾರಗಳು ಅವರ ಮನಸ್ಸನ್ನು ಸೆಳೆದವು.

ಆ ಕಾಲದಲ್ಲಿ ದಲಿತರ ಮಕ್ಕಳು ಶಾಲೆಯ ಮೆಟ್ಟಿಲು ಹತ್ತುವಂತಿರಲಿಲ್ಲ. ಮುಟ್ಟಿದರೆ ಮೈಲಿಗೆ, ಹತ್ತಿರ ಬಂದರೂ ಮೈಲಿಗೆ. ರಂಗರಾಯರು 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಈ ಮಕ್ಕಳಿಗಾಗಿ ಒಂದು ಶಾಲೆ ತೆರೆದರು. ಪಾಠ ಹೇಳಲು ಮೇಲ್ಜಾತಿಯವರು ಮುಂದೆ ಬರಲಿಲ್ಲ. ಕ್ರೈಸ್ತ ಅಧ್ಯಾಪಕರು ಬಂದರು. ಊರವರ ವಿರೋಧ ಬಲವಾಯಿತು. ಸ್ವಜಾತಿಯವರು ರಾಯರಿಗೆ ಬಹಿಷ್ಕಾರ ಹಾಕಿದರು. ಅವರು ಎದೆಗುಂದದೆ ಬೇರೆ ಕಡೆ ಶಾಲೆ ಆರಂಭಿಸಿದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಮುಂದೆ ಅತ್ತಾವರ, ಬೋಳೂರು, ಮೂಲ್ಕಿ, ಉಡುಪಿಯ ಬನ್ನಂಜೆ ಮೊದಲಾದೆಡೆ ಶಾಲೆಗಳಾದವು.

ವಿದ್ಯಾರ್ಥಿಗಳೇ, ಈ ಹೆಸರುಗಳನ್ನು ಭೂಪಟದಲ್ಲಿ ಹುಡುಕಿ ನೋಡಿ. ಮಂಗಳೂರಿನಿಂದ ಉಡುಪಿಗೆ ಸುಮಾರು 60 ಕಿಲೋಮೀಟರ್. ನಡುವೆ ಹೊಳೆಗಳು, ಮುರಕಲ್ಲಿನ ಗುಡ್ಡಗಳು, ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ. ಪ್ರತಿಯೊಂದು ಕಡೆಯೂ ಜಾಗ ಹುಡುಕಬೇಕು, ಮಾಡು ಕಟ್ಟಿಸಬೇಕು, ಅಧ್ಯಾಪಕರ ಸಂಬಳ ಹೊಂದಿಸಬೇಕು.

ಇನ್ನೊಂದು ಕಷ್ಟ ಮಕ್ಕಳ ಹೊಟ್ಟೆಯದು. ಕೂಲಿನಾಲಿ ಮಾಡಬೇಕಾದ ಮಗು ಶಾಲೆಗೆ ಬಂದರೆ ಅಂದಿನ ಗಂಜಿಗೇ ಕುತ್ತು. ಹಸಿದ ಹೊಟ್ಟೆಗೆ ಅಕ್ಷರ ಹತ್ತುವುದಿಲ್ಲವೆಂದು ರಾಯರು ಕಂಡುಕೊಂಡರು. ಮಧ್ಯಾಹ್ನದ ಊಟ ಕೊಟ್ಟರು. ಹಾಜರಾದ ಮಕ್ಕಳಿಗೆ ದಿನಕ್ಕೆ ಎರಡು ಪೈಸೆಯನ್ನೂ ಕೊಟ್ಟರು. ವಸತಿಗೃಹ ಕಟ್ಟಿಸಿದರು. ಮರಗೆಲಸ, ನೇಯ್ಗೆಗಳನ್ನು ಕಲಿಸಿದರು. ಕಾಡಂಚಿನಲ್ಲಿ ಬದುಕುತ್ತಿದ್ದ ಕೊರಗರಿಗಾಗಿಯೂ ಶ್ರಮಿಸಿದರು.

ಹೀಗೆ ಮೂವತ್ತೈದು ವರ್ಷ ದುಡಿದ ಮೈ ಹಣ್ಣಾಯಿತು. 1927ರಲ್ಲಿ ಅವರು ಸನ್ಯಾಸ ಸ್ವೀಕರಿಸಿ ಸ್ವಾಮಿ ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಅಂತ್ಯಕ್ರಿಯೆಯನ್ನು ತೋಟಿ ಸಮುದಾಯದವರೇ ನಡೆಸಬೇಕೆಂಬುದು ಅವರ ಕೊನೆಯ ಇಚ್ಛೆ. ಯಾರ ನೆರಳೂ ಸೋಕಬಾರದೆಂದು ಸಮಾಜ ಹೇಳುತ್ತಿತ್ತೋ ಅವರ ಹೆಗಲ ಮೇಲೆಯೇ ಆ ದೇಹ ಸಾಗಿತು. ತಾವು ಓದಿಸಿದ ಮಕ್ಕಳು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಓಡಾಡುವಾಗ, ಆ ಚಕ್ರದ ಧೂಳು ತಮ್ಮ ತಲೆಗೆ ತಗಲಿದರೆ ಜನ್ಮ ಸಾರ್ಥಕವೆಂಬ ಅವರ ಹಂಬಲವನ್ನು ಸಮಾಧಿಯ ಮೇಲೆ ಕೆತ್ತಲಾಗಿದೆ.

1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಈ ಸೇವೆಯನ್ನು ಕಂಡು ಗೌರವಿಸಿದರು. ಮಂಗಳೂರಿನ ಪುರಭವನಕ್ಕೆ ಇಂದು ರಂಗರಾಯರ ಹೆಸರಿದೆ. ಆದರೆ ಅವರ ನಿಜವಾದ ಸ್ಮಾರಕ ನಮ್ಮ ತರಗತಿಯೇ. ಯಾವ ಜಾತಿಯೆಂದು ಕೇಳದೆ ಎಲ್ಲರೂ ಒಂದೇ ಬೆಂಚಿನಲ್ಲಿ ಕುಳಿತು ಕಲಿಯುವುದು ಇಂದು ಸಹಜವೆನಿಸುತ್ತದೆ. ಅದನ್ನು ಸಹಜವಾಗಿಸಲು ಒಂದು ಜೀವ ಎಷ್ಟು ಸವೆಯಿತೆಂಬುದನ್ನು ನಾವು ಅರಿತಿರಬೇಕು. ಪಕ್ಕದಲ್ಲಿ ಹಸಿದು ಕುಳಿತ ಗೆಳೆಯನೊಡನೆ ಬುತ್ತಿ ಹಂಚಿಕೊಳ್ಳುವುದರಿಂದಲೂ ಸೇವೆ ಆರಂಭವಾಗಬಹುದು. ಅದಕ್ಕೆ ದೂರದ ನಾಡು ಬೇಕಾಗಿಲ್ಲ.