ಮಿನುಗುತಾರೆ ಕಲ್ಪನಾ

ಚಿತ್ರರಂಗದಲ್ಲಿ ಮಿನುಗುತಾರೆಯೆಂದೇ ಹೆಸರಾದ ಕಲ್ಪನಾ 1943ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಜನಿಸಿದರು. ನಮ್ಮ ಕಾಸರಗೋಡೂ ಆಗ ಅದೇ ಜಿಲ್ಲೆಯ ತಾಲೂಕು. ಮನೆಮಾತು ತುಳುವಾದರೂ ಅವರಿಗೆ ಕೀರ್ತಿ ತಂದದ್ದು ಕನ್ನಡ.

1963ರಲ್ಲಿ ಬಿ. ಆರ್. ಪಂತುಲು ಅವರ ‘ಸಾಕು ಮಗಳು’ ಚಿತ್ರದಿಂದ ಬೆಳ್ಳಿತೆರೆಗೆ ಬಂದ ಅವರ ಪ್ರತಿಭೆ ಅರಳಿದ್ದು ಪುಟ್ಟಣ್ಣ ಕಣಗಾಲರ ನಿರ್ದೇಶನದಲ್ಲಿ. ‘ಬೆಳ್ಳಿಮೋಡ’ದ (1967) ಇಂದಿರಾ, ಆಸ್ತಿ ಕೈತಪ್ಪಿತೆಂದು ತನ್ನನ್ನು ತೊರೆದವನು ಮರಳಿ ಬಂದಾಗ ಒಪ್ಪಲಿಲ್ಲ. ‘ಗೆಜ್ಜೆಪೂಜೆ’ಯ (1969) ಚಂದ್ರಾ, ವೇಶ್ಯೆಯ ಮಗಳೆಂಬ ಕಾರಣಕ್ಕೆ ಗೃಹಿಣಿಯ ಬಾಳಿನಿಂದ ವಂಚಿತಳಾದಳು. ತ್ರಿವೇಣಿಯವರ ಕಾದಂಬರಿ ಆಧರಿಸಿದ ‘ಶರಪಂಜರ’ದ ಕಾವೇರಿಯ ಪಾಡಂತೂ ಮರೆಯಲಾಗದು. ಹೆರಿಗೆಯ ನಂತರ ಕಾಡಿದ ಮನೋರೋಗ ವಾಸಿಯಾಗಿ ಮನೆಗೆ ಬಂದರೂ ಜನರ ಶಂಕೆ ವಾಸಿಯಾಗಲಿಲ್ಲ. ಆಕೆ ಮತ್ತೆ ಆಸ್ಪತ್ರೆಗೇ ಮರಳಬೇಕಾಯಿತು.

ಎಪ್ಪತ್ತರ ದಶಕದ ಉತ್ತರಾರ್ಧದಲ್ಲಿ ಅವಕಾಶಗಳು ಕುಗ್ಗಿದಾಗ ಕಲ್ಪನಾ ವೃತ್ತಿ ನಾಟಕರಂಗಕ್ಕೆ ತೆರಳಿ, ಊರೂರು ಸುತ್ತಿ ಅಭಿನಯಿಸಿದರು. 1979ರ ಮೇ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಬಳಿಯ ಗೋಟೂರಿನಲ್ಲಿ ನಿಧನರಾದರು. ವಯಸ್ಸು ಕೇವಲ ಮೂವತ್ತೈದು.

ಅವರ ಸಾವಿನ ಸುತ್ತ ಹಬ್ಬಿದ ವದಂತಿಗಳಿಗೆ ಲೆಕ್ಕವಿಲ್ಲ. ಅದನ್ನು ಕೆದಕುವುದು ನಮಗೆ ಬೇಡ. ತೆರೆಯ ಕಾವೇರಿಗಾಗಿ ಕಣ್ಣೀರಿಟ್ಟ ನಾವೇ, ಆ ಪಾತ್ರಕ್ಕೆ ಜೀವ ತುಂಬಿದವರ ಬಾಳನ್ನು ಹರಟೆಯ ವಸ್ತುವಾಗಿಸಿದೆವಲ್ಲ, ಅದನ್ನಷ್ಟು ನೆನೆದರೆ ಸಾಕು.