ಕಿಟೆಲ್ ಮತ್ತು ನಮ್ಮ ‘ಬಂದಾನ’

ಕನ್ನಡ ಓದುವವರಿಗೆ ಕಿಟೆಲ್ ಎಂದರೆ ದೊಡ್ಡ ನಿಘಂಟು. ಅದರ ಹಿಂದಿದ್ದ ಮನುಷ್ಯನ ವಿಷಯ ನಮ್ಮ ಮಕ್ಕಳಿಗೆ ತಿಳಿದಿರುವುದು ಕಡಿಮೆ. ಯಾದಗಿರಿ, ಶಹಾಪುರ, ಸುರಪುರ ಕಡೆಯ ನಮಗಂತೂ ಅವರು ಇನ್ನೊಂದು ಕಾರಣಕ್ಕೂ ಬೇಕಾದವರು.

ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ಕಡಲಂಚಿನ ಪೂರ್ವ ಫ್ರೀಸ್‌ಲೆಂಡ್‌ನ ಪಾದ್ರಿಯೊಬ್ಬರ ಮನೆಯಲ್ಲಿ. ಆ ಸೀಮೆಯ ಹಳ್ಳಿಗಳ ಆಡುಮಾತು ಒಂದು, ಶಾಲೆಯ ಪುಸ್ತಕದ ಜರ್ಮನ್ ಇನ್ನೊಂದು. ನಮ್ಮಲ್ಲಿ ಇದ್ದಂತೆಯೇ ಅನ್ನಿ. ಬಾಸೆಲ್ ಮಿಶನ್ನಿನಲ್ಲಿ ತರಬೇತಾಗಿ 1853ರಲ್ಲಿ ಕನ್ನಡ ನಾಡಿಗೆ ಬಂದರು. ಅದೇ ವರ್ಷ ಇತ್ತ ಸುರಪುರದಲ್ಲಿ ಮೆಡೋಸ್ ಟೇಲರ್ ಆಡಳಿತವನ್ನು ಎಳೆಯ ರಾಜಾ ವೆಂಕಟಪ್ಪ ನಾಯಕರಿಗೆ ಒಪ್ಪಿಸಿ ಹೊರಟಿದ್ದರು.

ಧಾರವಾಡ, ಹುಬ್ಬಳ್ಳಿ, ಮುಂದೆ ಮಂಗಳೂರು, ಮಡಿಕೇರಿ. ಬಂದದ್ದು ಮತಪ್ರಚಾರಕ್ಕೆ, ಮುಳುಗಿದ್ದು ಹಳೆಯ ಓಲೆಗರಿಗಳಲ್ಲಿ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ಅಚ್ಚಿಗೆ ಕೊಟ್ಟರು. 1877ರಲ್ಲಿ ತಾಯ್ನಾಡಿಗೆ ಹೋದವರು ನಿಘಂಟಿನ ಕೆಲಸಕ್ಕಾಗಿ 1883ರಲ್ಲಿ ಮತ್ತೆ ಬಂದರು. 1894ರಲ್ಲಿ ಅದು ಮಂಗಳೂರಿನಲ್ಲಿ ಅಚ್ಚಾಯಿತು: 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಶಬ್ದ.

ಈ ನಿಘಂಟನ್ನು ತೆರೆದರೆ ಅನೇಕ ಶಬ್ದಗಳ ಪಕ್ಕ ಚಿಕ್ಕ ಗುರುತುಗಳು ಕಾಣುತ್ತವೆ. ಇದು ಮೈಸೂರು ಸೀಮೆಯದು, ಇದು ದಕ್ಷಿಣ ಮರಾಠಾ ಸೀಮೆಯದು ಎಂದು. ಧಾರವಾಡ, ಬೆಳಗಾವಿ ಕಡೆಗೆ ಆಗ ಈ ಎರಡನೆಯ ಹೆಸರಿತ್ತು. ಒಂದು ಸೀಮೆಯ ಮಾತು ಸರಿ, ಇನ್ನೊಂದು ಸೀಮೆಯದು ತಪ್ಪು ಎಂದು ಬರೆಯುವ ಬದಲು ಎಲ್ಲಿಯ ಮಾತು ಎಂದು ಬರೆದರು. ನನಗೆ ಅವರ ದೊಡ್ಡತನ ಕಾಣುವುದು ಇಲ್ಲಿಯೇ.

ನಾನು ಬೇರೆ ಊರಿನಲ್ಲಿ ಓದುವಾಗ ತೆಂಕಣ ಸೀಮೆಯ ಮಾಸ್ತರೊಬ್ಬರಿದ್ದರು. ಹೆಡ್‌ಮಾಸ್ತರು ಬಂದರೇನು ಎಂದು ಕೇಳಿದರು. ಬಂದಾರ್ರಿ ಎಂದೆ. ಬರಬಹುದು ಎಂದು ಹೇಳುತ್ತಿದ್ದೇನೆ ಅಂದುಕೊಂಡು, ನೋಡಿಕೊಂಡು ಬಂದು ನೆಟ್ಟಗೆ ಹೇಳು ಎಂದು ಗದರಿದರು. ನೋಡಿಕೊಂಡು ಬಂದು ಮತ್ತೆ ಬಂದಾರ್ರಿ ಎಂದೆ. ಬೆತ್ತದ ಏಟು ಬಿತ್ತು. ‘ಬಂದಾನು’, ‘ಬಂದಾರು’ ಎಂಬುವು ಪಠ್ಯದ ವ್ಯಾಕರಣದಲ್ಲಿ ಸಂಭಾವನಾರ್ಥಕ. ನಮ್ಮ ‘ಬಂದಾನ’, ‘ಬಂದಾರ’ ಎಂದರೆ ಬಂದೇ ಬಿಟ್ಟಿದ್ದಾರೆ. ಕೊನೆಯ ಒಂದು ಸ್ವರದಲ್ಲಿ ಅನುಮಾನವೂ ಇದೆ, ಖಾತ್ರಿಯೂ ಇದೆ. ‘ರಿ’ ಹತ್ತಿದರೆ ಆ ಸ್ವರವೂ ಬಿದ್ದುಹೋಗುತ್ತದೆ. ಮಾಸ್ತರ ತಪ್ಪೂ ಅಲ್ಲ, ನನ್ನದೂ ಅಲ್ಲ; ಏಟು ಮಾತ್ರ ನನ್ನದಾಯಿತು.

ಕಿಟೆಲ್ಲರ ಕೊನೆಯ ದೊಡ್ಡ ಕೃತಿ ಇಂಥ ವ್ಯತ್ಯಾಸಗಳದ್ದೇ. 1903ರಲ್ಲಿ ಬಂದ ಅವರ ಇಂಗ್ಲಿಷ್ ವ್ಯಾಕರಣ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ಇಟ್ಟು ನೋಡುತ್ತದೆ. ಓದಲು ಸುಲಭದ ಪುಸ್ತಕವಲ್ಲ. ಆದರೂ ಅದನ್ನು ಓದಿದವನಿಗೆ ‘ಮನೆಯೊಳ್’ ಹೋಗಿ ‘ಮನೆಯಲ್ಲಿ’ ಬಂದದ್ದು ಕೆಟ್ಟದ್ದೆಂದು ತೋರುವುದಿಲ್ಲ. ಹಾಗಾದರೆ ನಮ್ಮ ‘ಮನ್ಯಾಗ’ ಏನು ಪಾಪ ಮಾಡಿದೆ? ಪುಸ್ತಕದ ‘ಮಾಡುತ್ತಿದ್ದಾನೆ’ಗೆ ನಾವು ‘ಮಾಡ್ಲಿಕತ್ಯಾನ’ ಅನ್ನುತ್ತೇವೆ. ‘ಹತ್ತು’ ಎಂಬ ಕ್ರಿಯಾಪದ ಅದರೊಳಗೆ ಕುಳಿತು ಕೆಲಸ ಮಾಡುತ್ತಿದೆ. ಅದಕ್ಕೂ ನಿಯಮವಿದೆ, ಯಾರೂ ಕಲಿಸದೆ ಮೂರು ವರ್ಷದ ಕೂಸು ಅದನ್ನು ಪಾಲಿಸುತ್ತದೆ.

ಕಿಟೆಲ್ 1892ರಲ್ಲಿ ಜರ್ಮನಿಗೆ ಮರಳಿದ್ದರು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ವ್ಯಾಕರಣ ಹೊರಬಂದ 1903ರ ಡಿಸೆಂಬರಿನಲ್ಲಿಯೇ ತೀರಿಕೊಂಡರು.

ಸಂಭಾವನಾರ್ಥಕದ ಪಾಠ ಬಂದಾಗ ನಾನು ಕರಿಹಲಗೆಯ ಮೇಲೆ ‘ಬಂದಾನು’ ಎಂದು ಬರೆದು, ಪಕ್ಕದಲ್ಲಿ ‘ಬಂದಾನ’ ಎಂದೂ ಬರೆಯುತ್ತೇನೆ. ಮಕ್ಕಳು ಮೊದಲು ನಗುತ್ತಾರೆ. ಆಮೇಲೆ ಎರಡಕ್ಕೂ ಇರುವ ಫರಕನ್ನು ಅವರೇ ಹೇಳುತ್ತಾರೆ.