ತೊರಪಳ್ಳಿಯ ಹುಡುಗ ಇಂಗ್ಲಿಷ್ ಕಲಿತ ಕಥೆ

ನಾಟ್ರಾಂಪಾಳ್ಯ: ಅಂಚೆಟ್ಟಿಯಿಂದ ಹೊಗೇನಕಲ್ಲಿಗೆ ಹೋಗುವ ದಾರಿಯ ನಮ್ಮ ಊರಿನಲ್ಲಿ ಕನ್ನಡ ಮನೆಯ ಮಕ್ಕಳು ಎಳವೆಯಲ್ಲೇ ಮೂರು ಬಗೆಯ ಅಕ್ಷರ ತಿದ್ದಬೇಕು. 2006ರ ಕಾಯ್ದೆಯಿಂದ ತಮಿಳು ಕಡ್ಡಾಯವಾಯಿತು. ಮನೆಮಾತು ಬಿಡುವಂತಿಲ್ಲ. ಇಂಗ್ಲಿಷ್ ಓದು ಬರಹ ಬರಲೇಬೇಕೆಂಬುದು ಹೆತ್ತವರ ಹಟ. ಈ ಮಾತು ಬಂದಾಗಲೆಲ್ಲ ನೆನಪಾಗುವವರು ಇದೇ ಹೊಸೂರು ಸೀಮೆಯ ರಾಜಾಜಿ.

ಚಕ್ರವರ್ತಿ ರಾಜಗೋಪಾಲಾಚಾರಿ ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ಹೊಸೂರು ಬಳಿಯ ತೊರಪಳ್ಳಿಯಲ್ಲಿ. ತಂದೆ ವೆಂಕಟರಾಯ ಅಯ್ಯಂಗಾರ್ ಊರಿನ ಮುನ್ಸೀಫರು. ಮೊದಲ ಅಕ್ಷರ ಹಳ್ಳಿ ಶಾಲೆಯಲ್ಲಿ. ಐದನೇ ವಯಸ್ಸಿಗೆ ಸಂಸಾರ ಹೊಸೂರಿಗೆ ಬಂತು, ಹುಡುಗ ಸರ್ಕಾರಿ ಶಾಲೆ ಸೇರಿದ. 1891ರಲ್ಲಿ ಮೆಟ್ರಿಕ್, 1894ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಪದವಿ. ಆಗಿನ್ನೂ ಹದಿನಾರು ತುಂಬಿರಲಿಲ್ಲ! ಮುಂದೆ ಮದ್ರಾಸಿನಲ್ಲಿ ಕಾನೂನು ಓದಿ ಸೇಲಂನಲ್ಲಿ ವಕೀಲರಾದರು. ಸ್ವಾತಂತ್ರ್ಯ ಹೋರಾಟ, ಜೈಲು, 1948ರಲ್ಲಿ ಗವರ್ನರ್ ಜನರಲ್ ಪದವಿ, ಇವೆಲ್ಲ ಓದುಗರಿಗೆ ಗೊತ್ತಿರುವುದೇ.

ಇಂಗ್ಲಿಷಿನಲ್ಲಿ ಮಹಾಭಾರತ, ರಾಮಾಯಣಗಳನ್ನು ಮಕ್ಕಳೂ ಓದುವಷ್ಟು ಸರಳವಾಗಿ ಬರೆದ ಇವರು ತಾಯ್ನುಡಿಯನ್ನು ಕಡೆಗಣಿಸಲಿಲ್ಲ. ರಸಾಯನಶಾಸ್ತ್ರವನ್ನು ಜಗಲಿಯ ಮೇಲೆ ಕುಳಿತು ಹೇಳಿದಂತೆ ತಮಿಳಿನಲ್ಲಿ ಪುಸ್ತಕ ಬರೆದರು. ಭಾಷೆಯ ವಿಷಯದಲ್ಲಿ ನಿಲುವು ಬದಲಿಸಿದ್ದೂ ಉಂಟು. 1938ರಲ್ಲಿ ಶಾಲೆಗಳಿಗೆ ಹಿಂದಿ ಕಡ್ಡಾಯ ಮಾಡಿ ದೊಡ್ಡ ಚಳವಳಿ ಎದುರಿಸಿದವರೇ, ಮುಂದೆ ಕೇಂದ್ರದ ಆಡಳಿತದಲ್ಲಿ ಇಂಗ್ಲಿಷ್ ಉಳಿಯಬೇಕೆಂದು ಗಟ್ಟಿಯಾಗಿ ವಾದಿಸಿದರು.

ಆದರೆ ಅವರಿಗೆ ಮುಳುವಾದದ್ದು ಪ್ರಾಥಮಿಕ ಶಾಲೆ. ಮುಖ್ಯಮಂತ್ರಿಯಾಗಿದ್ದಾಗ, 1953ರಲ್ಲಿ, ಹಳ್ಳಿ ಶಾಲೆಗಳಿಗೆ ಹೊಸ ಯೋಜನೆ ತಂದರು. ಮಕ್ಕಳಿಗೆ ದಿನಕ್ಕೆ ಮೂರೇ ಗಂಟೆ ಪಾಠ, ಎರಡು ಪಾಳಿ. ಉಳಿದ ಹೊತ್ತು ಮನೆಯ ಕಸುಬು ಕಲಿಯಬೇಕು. ಇದ್ದ ಶಿಕ್ಷಕರಿಂದಲೇ ಹೆಚ್ಚು ಮಕ್ಕಳಿಗೆ ಕಲಿಸಬಹುದೆಂಬುದು ಲೆಕ್ಕಾಚಾರ. ಲೆಕ್ಕ ಸರಿ ಇರಬಹುದು, ಆದರೆ ಚಮ್ಮಾರನ ಮಗ ಚಮ್ಮಾರನಾಗಿಯೇ ಉಳಿಯಬೇಕೇ ಎಂದು ಪೆರಿಯಾರ್ ಮತ್ತು ದ್ರಾವಿಡ ಪಕ್ಷದವರು ಬೀದಿಗಿಳಿದರು. ಕಾಂಗ್ರೆಸ್ಸಿನೊಳಗೂ ಒಡಕು ಮೂಡಿತು. ಪೂರ್ತಿ ದಿನ ಶಾಲೆಯಲ್ಲಿ ಓದಿ ಮೇಲೆ ಬಂದವರು ಬಡವರ ಮಕ್ಕಳಿಗೆ ಅರ್ಧ ದಿನ ಸಾಕೆಂದದ್ದು ನನಗೂ ಒಪ್ಪಿಗೆಯಾಗದು. ಪಾಟಿ ಹಿಡಿದ ಕೂಲಿಕಾರನ ಮಗುವಿಗೆ ಮನೆಯಲ್ಲಿ ಹೇಳಿಕೊಡುವವರಾದರೂ ಯಾರು?

1954ರ ಏಪ್ರಿಲ್‌ನಲ್ಲಿ ರಾಜಾಜಿ ಅಧಿಕಾರ ಬಿಟ್ಟರು. ನಂತರ ಬಂದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು. ಅದೇ ವರ್ಷ ರಾಜಾಜಿಗೆ ಭಾರತರತ್ನ ದೊರೆಯಿತು. 1972ರ ಡಿಸೆಂಬರ್ 25ರಂದು ಮದ್ರಾಸಿನಲ್ಲಿ ತೀರಿಕೊಂಡರು. ತೊರಪಳ್ಳಿಯಲ್ಲಿ ಅವರು ಹುಟ್ಟಿದ ಮನೆ ಈಗ ಸರ್ಕಾರದ ಸ್ಮಾರಕ.